ಗೋಡೆಯ ಆಚೆಯ ಕಿವಿ

"ನಿಲ್ಸಿ, ನಿಲ್ಸಿ! ಕಪಾಟಿಗೆ ತಾಗ್ತಿದೆ!" ಎಂದು ಬಡಗಿ ಕೂಗಿದ.

ಶವಪೆಟ್ಟಿಗೆ ಹಿಡಿದಿದ್ದ ಆರೂ ಮಂದಿ ನಿಂತಲ್ಲೇ ನಿಂತರು. ಪೆಟ್ಟಿಗೆಯ ಅರ್ಧ ಭಾಗ ಬಾಗಿಲ ಪರದೆ ದಾಟಿ ಅಂಗಡಿಯೊಳಗೆ ಬಂದಿತ್ತು, ಇನ್ನರ್ಧ ಒಳಮನೆಯಲ್ಲೇ ಇತ್ತು. ಎದುರಿಗೆ ಕೌಂಟರ್. ಎಡಕ್ಕೆ ಗೋಡೆಯುದ್ದಕ್ಕೂ ಗಿಟಾರ್ ಆಂಪ್ಲಿಫೈಯರುಗಳನ್ನು ಪೇರಿಸಿದ ಕಪಾಟು. ತಿರುಗಿಸೋಣವೆಂದರೆ ಒಂದು ಗೇಣು ಜಾಗ ಕಡಿಮೆ.

"ನಿನ್ನೆ ತರುವಾಗ ಸಲೀಸಾಗಿ ಬಂತಲ್ಲಯ್ಯ?" ಎಂದ ಬೇಕರಿಯವನು, ಏದುಸಿರು ಬಿಡುತ್ತ.

"ನಿನ್ನೆ ನಿಲ್ಲಿಸ್ಕೊಂಡು ತಂದೆ." ಬಡಗಿ ಹಣೆ ಒರೆಸಿಕೊಂಡ. "ಮೂವತ್ತೊಂದು ವರ್ಷದಿಂದ ಈ ಅಂಗಡಿಯ ಆಂಪ್‌ಗಳಿಗೆಲ್ಲಾ ಪೆಟ್ಟಿಗೆ ಮಾಡೋನು ನಾನೇ. ನನ್ನ ಪೆಟ್ಟಿಗೆ ನಿಂತ್ಕೊಂಡೇ ಬರುತ್ತೆ, ನಿಂತ್ಕೊಂಡೇ ಹೋಗುತ್ತೆ. ಇದೊಂದು ಮಲಗಿ ಹೋಗುತ್ತೆ ಅನ್ನೋದು ತಲೆಗೇ ಹೊಳೀಲಿಲ್ಲ ನೋಡು."

ಯಾರೋ ಕಿಸಕ್ಕನೆ ನಕ್ಕು ನಾಲಿಗೆ ಕಚ್ಚಿಕೊಂಡರು. ಅಂಗಡಿಯ ಒಡೆಯ ಮಾಸ್ಟರ್‌ಗೂ ನಗು ಬಂತು. ಪೆಟ್ಟಿಗೆಯೊಳಗಿದ್ದ ಹೆಂಡತಿ ಇದನ್ನು ಕೇಳಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ.

ಅಂಗಡಿಯ ಹಿಂದೆಯೇ ಮನೆ. ಮನೆಗೆ ಬೇರೆ ಬಾಗಿಲಿಲ್ಲ. ಮಗಳು ಎರಡು ಸ್ಟೂಲು ತಂದಿಟ್ಟಳು. ಪೆಟ್ಟಿಗೆಯನ್ನು ಅದರ ಮೇಲೆ ಇಳಿಸಿದರು. ವ್ಯಾನ್ ಬರುವುದು ಹನ್ನೊಂದಕ್ಕೆ. ಅಷ್ಟರಲ್ಲಿ ಆಂಪ್‌ಗಳನ್ನೆಲ್ಲ ಫುಟ್‌ಪಾತಿಗೆ ಸಾಗಿಸಿ, ಕಪಾಟು ಬಿಚ್ಚಿ, ದಾರಿ ಮಾಡಬೇಕು.

ಜನಕ್ಕೇನೂ ಕಡಿಮೆಯಿರಲಿಲ್ಲ. ಬಂದವರಲ್ಲಿ ಮುಕ್ಕಾಲು ಪಾಲು ಗಿಟಾರ್ ಹಿಡಿದವರು, ಎಲ್ಲರೂ ಇದೇ ಅಂಗಡಿಯಿಂದ ವಾಲ್ವ್ ಆಂಪ್ ಒಯ್ದವರು. ಮಗುವನ್ನು ತೊಟ್ಟಿಲಿಂದ ಎತ್ತುವ ಹಾಗೆ, ಒಳಗಿನ ಗಾಜಿನ ವಾಲ್ವುಗಳು ಅಲುಗದಂತೆ, ಒಬ್ಬೊಬ್ಬರು ಒಂದೊಂದನ್ನು ಎತ್ತಿಕೊಂಡು ನಡೆದರು. ಎತ್ತುವಾಗ ಮಾತು.

"ನನಗೆ ದೊಡ್ಡದೇ ಬೇಕು ಅಂತ ಹಟ ಹಿಡಿದಿದ್ದೆ. ಮಾಸ್ಟರ್ ಕೊಡ್ಲೇ ಇಲ್ಲ. ಈ ಚಿಕ್ಕದು ಕೈಗಿಟ್ಟು ಕಳಿಸಿದ್ರು."

"ಅವರ ಕಿವಿ ಬಂಗಾರದ್ದು ಕಣೋ. ಗೋಡೆಗೆ ಕೈ ಇಟ್ಟು ಕಣ್ಣು ಮುಚ್ಚಿದ್ರು ಅಂದ್ರೆ ಮುಗೀತು."

"ಪಾಪ, ಚಹಾ ಅಕ್ಕ. ಇನ್ನು ಆ ಚಹಾ ಸಿಗಲ್ಲ."

ಚಹಾ ಅಕ್ಕ. ಮಾಸ್ಟರ್‌ಗೆ ಎದೆಯಲ್ಲಿ ಮುಳ್ಳು ಮುರಿದಂತಾಯಿತು. ಅವರು ಜನರ ತುಟಿ ನೋಡಿಯೇ ಮಾತು ಹಿಡಿಯುವವರು. ಆ ಎರಡು ಪದವನ್ನು ಬೆಳಗಿನಿಂದ ಹತ್ತು ತುಟಿಗಳ ಮೇಲೆ ನೋಡಿದ್ದರು.

ಶಾಲೆಯ ಸಂಗೀತ ಟೀಚರ್ ಒಂದು ಹಾಳೆ ಹಿಡಿದು ಬಂದರು. ನಿವೃತ್ತರಾದರೂ ಎಲ್ಲರ ಬಾಯಲ್ಲೂ ಅವರು ಟೀಚರೇ. "ಮಾಸ್ಟರ್, ಮಣ್ಣು ಹಾಕೋ ಮುಂಚೆ ನಾಲ್ಕು ಮಾತು ಓದ್ತೀನಿ. ಸರಿ ಇದೆಯಾ ನೋಡಿ."

ದುಂಡನೆಯ ಅಕ್ಷರ. 'ಮಾಸ್ಟರ್ ಅವರ ಅಪರೂಪದ ಕಿವಿಯ ಹಿಂದೆ, ಬಿಸಿ ಚಹಾದ ಲೋಟ ಹಿಡಿದು ಸದಾ ನಗುತ್ತಿದ್ದ ಅಕ್ಕ...'

"ಚೆನ್ನಾಗಿದೆ ಟೀಚರ್" ಎಂದು ಹಾಳೆ ಹಿಂದಿರುಗಿಸಿದರು. ಕಣ್ಣು ಮಾತ್ರ ಪೆಟ್ಟಿಗೆಯ ಕಡೆ ಹೊರಳಿತು.

ಮಗಳು ಅದನ್ನು ನೋಡಿದಳು. ಹತ್ತಿರ ಬಂದು, ಅಪ್ಪನ ಮುಖಕ್ಕೆ ಮುಖ ಕೊಟ್ಟು ನಿಂತು, ಸ್ವರವೇ ಇಲ್ಲದೆ ತುಟಿಯಷ್ಟೇ ಆಡಿಸಿದಳು. "ಇವತ್ತೂ ಹೇಳಲ್ವಾ ಅಪ್ಪ?"

*

ತಗಡು ಒತ್ತುವ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ದುಡಿದು ಹೊರಬಂದಾಗ ಮಾಸ್ಟರ್ ಕಿವಿಯಲ್ಲಿ ಉಳಿದದ್ದು ದಪ್ಪ ಸದ್ದುಗಳು ಮಾತ್ರ. ಲಾರಿ ಹೋದದ್ದು ತಿಳಿಯುತ್ತಿತ್ತು, ಹಕ್ಕಿ ಕೂಗಿದ್ದು ತಿಳಿಯುತ್ತಿರಲಿಲ್ಲ. ಆದರೆ ಕೈ ಚುರುಕು. ನಕ್ಷೆ ಓದಿ, ಬೆಸುಗೆ ಹಾಕಿ, ಸತ್ತ ವಾಲ್ವ್ ರೇಡಿಯೋಗೆ ಜೀವ ತರಿಸುತ್ತಿದ್ದರು. ಹೆಂಡತಿ ಟ್ರಾನ್ಸ್‌ಫಾರ್ಮರ್ ಫ್ಯಾಕ್ಟರಿಯಲ್ಲಿ ವೈಂಡಿಂಗ್ ಕೆಲಸದವಳು. ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಒಂದರ ಪಕ್ಕ ಒಂದು ಕೂರಿಸುವವಳು. ಇಬ್ಬರೂ ಸೇರಿ ಅಂಗಡಿ ತೆರೆದರು. ಅಂಗಡಿಗೂ ಒಳಮನೆಗೂ ನಡುವೆ ಪ್ಲೈವುಡ್ ಗೋಡೆ. ಆಚೆ ಅವಳ ವೈಂಡಿಂಗ್ ಯಂತ್ರ ಮತ್ತು ಸ್ಟೂಲು, ಈಚೆ ಇವರ ಕೌಂಟರು.

ಗಿಟಾರ್ ಹಿಡಿದು ಮೊದಲು ಬಂದವನು ಹೋಟೆಲೊಂದರಲ್ಲಿ ಸಂಜೆಹೊತ್ತು ನುಡಿಸುವವನು. ಮಾಸ್ಟರ್ ಹುರುಪಿನಿಂದ ಮೂವತ್ತು ವಾಟಿನ ದೊಡ್ಡ ಆಂಪ್ ತೋರಿಸಿದರು. ಅವನು ನುಡಿಸಿದ. ಇವರು ಗೋಡೆಗೆ ಕೈಯೂರಿ, ಕೇಳಿಸಿಕೊಳ್ಳುತ್ತಿರುವವರ ಹಾಗೆ ಕಣ್ಣು ಮುಚ್ಚಿದರು. ಕೇಳಿಸಿದ್ದು ಬರೀ ಗುಂಯ್‌ಗುಡುವಿಕೆ. "ಇದೇ ನಿಮಗೆ ಸರಿ" ಎನ್ನಲು ಬಾಯಿ ತೆರೆದಿದ್ದರು, ಅಂಗೈಗೆ ಠಪ್ಪೆಂದು ಒಂದು ಏಟು ತಗುಲಿತು. ಗೋಡೆಯ ಆಚೆಯಿಂದ.

"ಒಂದು ನಿಮಿಷ" ಎಂದು ಒಳಗೆ ಹೋದರು.

"ರೀ, ಕಣ್ಣು ಮುಚ್ಕೊಂಡು ಏನು ಧ್ಯಾನ ಮಾಡ್ತಿದ್ದೀರಾ?" ಅವಳು ತಂತಿ ಸುತ್ತುವ ಬಾಬಿನ್ ಸಿಕ್ಕಿಸುವ ಹಿತ್ತಾಳೆ ಕಡ್ಡಿಯನ್ನು ಇವರ ಮೂಗಿನ ಮುಂದೆ ಆಡಿಸಿದಳು. "ಆ ಮನುಷ್ಯನ ಬೆರಳು ಎಷ್ಟು ಮೆತ್ತಗಿದೆ! ಊಟ ಮಾಡೋರ ಮಧ್ಯೆ ಬಾರಿಸೋನಿಗೆ ಆ ರಾಕ್ಷಸ ಯಾಕೆ? ಸದ್ದು ತಗ್ಗಿಸಿಟ್ರೆ ವಾಲ್ವುಗಳು ಒಳಗೇ ನಿದ್ದೆ ಹೊಡೀತಾವೆ. ಐದು ವಾಟಿಂದು ಕೊಡಿ. ಒಂದೇ ವಾಲ್ವ್, ಮೈಮುರಿದು ದುಡಿಯುತ್ತೆ. ಮೆಲ್ಲಗೆ ಮುಟ್ಟಿದ್ರೆ ತಿಳಿಯಾಗಿರುತ್ತೆ, ಒತ್ತಿದ್ರೆ ಗಂಟಲು ಕಟ್ಟಿದ ಹಾಗೆ ಹಾಡುತ್ತೆ. ದುಡ್ಡೂ ಉಳೀತು ಅವನಿಗೆ."

ಚಿಕ್ಕದನ್ನು ಕೊಟ್ಟರು. ನುಡಿಸಿದವನ ಮುಖ ಅರಳಿತು. "ಎಂಥ ಕಿವಿ ಸಾರ್ ನಿಮ್ಮದು!" ಎಂದು ಕೈಮುಗಿದು ಹೋದ. ಹೋಗಿ ನಾಲ್ಕು ಜನಕ್ಕೆ ಹೇಳಿದ.

"ಕಿವಿ ನಿನ್ನದು ಅಂತ ಹೇಳಿಬಿಡ್ತೀನಿ" ಎಂದಿದ್ದರು ಮಾಸ್ಟರ್ ಅವತ್ತೇ.

"ಹೇಳಿ, ಹೇಳಿ. ಕಿವಿ ಕೇಳಿಸದೋನ ಹತ್ರ ಆಂಪ್ ಕೊಳ್ಳೋಕೆ ಜನ ಸಾಲುಗಟ್ಟಿ ನಿಲ್ತಾರೆ." ಅವಳು ಯಂತ್ರದ ಹಿಡಿ ತಿರುಗಿಸುತ್ತಲೇ ನಕ್ಕಳು. "ಸುಮ್ನಿರಿ. ಅಂಗಡಿಗೆ ಒಂದು ಬಾಯಿ, ಒಂದು ಕಿವಿ ಇದ್ರೆ ಸಾಕು. ಎರಡೂ ಒಂದೇ ತಲೇಲಿ ಇರಬೇಕು ಅಂತ ಎಲ್ಲಿ ಬರೆದಿದೆ?"

ಅಲ್ಲಿಂದ ಅದೇ ರೂಢಿಯಾಯಿತು. ಐದು, ಹದಿನೈದು, ಮೂವತ್ತು ವಾಟಿನ ಮೂರು ಆಂಪ್‌ಗಳು ಕೌಂಟರಿನ ಪಕ್ಕ ಕಾಯಂ. ಬಂದವರು ಮೂರರಲ್ಲೂ ನುಡಿಸಬೇಕು. ಆಚೆಯಿಂದ ಒಂದು ಬಡಿತ ಬಂದರೆ ಚಿಕ್ಕದು, ಒಬ್ಬರೇ ಕೋಣೆಯಲ್ಲಿ ಕೂತು ನುಡಿಸುವವರಿಗೆ. ಎರಡಾದರೆ ನಡುವಿನದು. ಮೂರಾದರೆ ದೊಡ್ಡದು, ಡ್ರಮ್ಮಿನ ಅಬ್ಬರದ ನಡುವೆಯೂ ಸ್ವರ ಒಡೆಯದೆ ತಿಳಿಯಾಗಿ ಉಳಿಯಬೇಕಾದವರಿಗೆ. ಕಡ್ಡಿಯಿಂದ ಗೀಚಿದರೆ 'ಇನ್ನೊಮ್ಮೆ ಬಾರಿಸಲಿ' ಎಂದರ್ಥ. ಮಾಸ್ಟರ್‌ಗೆ ಯಾವುದೂ ಕೇಳಿಸುತ್ತಿರಲಿಲ್ಲ. ಅಂಗೈಗೆ ತಿಳಿಯುತ್ತಿತ್ತು.

ಆಮೇಲೆ ಅವಳು ಲೋಟ ಹಿಡಿದು ಪರದೆ ಸರಿಸಿ ಬರುವಳು. ಬರುವುದು ಚಹಾ ಕೊಡುವುದಕ್ಕಲ್ಲ, ಆ ಬೆರಳುಗಳ ಒಡೆಯ ಯಾರೆಂದು ನೋಡುವುದಕ್ಕೆ.

*

"ಮಾಸ್ಟರ್ ತಪ್ಪಿದ್ದು ಒಂದೇ ಸಲ" ಎಂದು ಬೇಕರಿಯವನು ಶುರು ಮಾಡಿದ. ಕೈಯಲ್ಲಿ ಕಪಾಟಿನ ಹಲಗೆ, ಸುತ್ತ ಏಳೆಂಟು ಜನ. "ನಂದು ಬೇಕರಿ ಹಿಂದಿನ ಒಂಟಿ ಕೋಣೆ. ಹಿಟ್ಟು ಉಬ್ಬೋವರೆಗೂ ಗಿಟಾರ್ ಬಾರಿಸೋದು ಅಷ್ಟೇ. ನನಗೆ ಹೋಗಿ ಹೋಗಿ ಮೂವತ್ತು ವಾಟಿಂದು ಕೊಟ್ರು! ಮೊದಲನೇ ದಿನ ತಂತಿ ಮುಟ್ಟಿದ್ದೇ ತಡ, ಮೇಲಿನ ಮನೆ ಅಜ್ಜಿ ಪೊರಕೆ ಹಿಡ್ಕೊಂಡು ಇಳಿದುಬಂತು."

"ಆ ಅಜ್ಜಿಗೆ ನಿನ್ನ ಬನ್ನಿನ ಮೇಲೂ ಸಿಟ್ಟಿತ್ತು ಬಿಡು" ಎಂದ ಬಡಗಿ.

"ಕೇಳು ಮಾರಾಯ! ಮಾರನೇ ದಿನ ಬೆಳಗಾಗೋದ್ರೊಳಗೆ ನೋಡ್ತೀನಿ, ಮಾಸ್ಟರ್ ತಲೆ ಮೇಲೆ ಐದು ವಾಟಿನ ಆಂಪ್ ಹೊತ್ಕೊಂಡು ಬಾಗಿಲಲ್ಲಿ ನಿಂತಿದ್ದಾರೆ! 'ನಿನ್ನೆ ತಪ್ಪಾಯ್ತು, ನಿನಗೆ ಇದು' ಅಂದ್ರು. ಈ ಕಾಲದಲ್ಲಿ ಯಾವ ಅಂಗಡಿಯವನು ಹೀಗೆ ಬರ್ತಾನೆ ಹೇಳಿ? ಅಂಥ ಮನುಷ್ಯ ಇವರು!"

ಎಲ್ಲರೂ ಹೆಮ್ಮೆಯಿಂದ ಮಾಸ್ಟರ್ ಕಡೆ ನೋಡಿದರು. ಟೀಚರ್ ಅದನ್ನೂ ಹಾಳೆಯಲ್ಲಿ ಬರೆದುಕೊಂಡರು.

ಅವತ್ತು ನಡೆದದ್ದು ಮಾಸ್ಟರ್‌ಗೆ ಗೊತ್ತು. ಬೇಕರಿಯವನು ನುಡಿಸುತ್ತಿದ್ದಾಗ ಇದೇ ಬಡಗಿ ಒಳಗೆ ಅದೇ ಪ್ಲೈವುಡ್‌ಗೆ ಗೂಟ ಬಡಿಯುತ್ತಿದ್ದ. ಅಂಗೈಗೆ ಠಪ್ ಠಪ್ ಠಪ್ ಎಂದು ಮೂರು ಏಟು. ಮೂರೆಂದರೆ ಮೂವತ್ತು ವಾಟು, ಕೊಟ್ಟು ಕಳಿಸಿಬಿಟ್ಟಿದ್ದರು. ಅವಳಿಗೆ ತಿಳಿದದ್ದು ಊಟಕ್ಕೆ ಕೂತಾಗ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟಿದ್ದಳು. "ಅಯ್ಯೋ ಪುಣ್ಯಾತ್ಮ! ಬೆಣ್ಣೆಯಂಥ ಕೈ ಅವನದು. ಗೂಟ ಬಡಿದದ್ದಕ್ಕೆ ಆಂಪ್ ಮಾರಿದ್ರಾ? ಬೆಳಗಾಗ್ತಿದ್ದ ಹಾಗೆ ನೀವೇ ಹೊತ್ಕೊಂಡು ಹೋಗಿ ಕೊಟ್ಟು ಬನ್ನಿ."

ಆ ಹೊರೆಯನ್ನು ಹೊತ್ತದ್ದು ಇವರ ತಲೆ. ಹೊರಿಸಿದ್ದು ಅವಳು. ಹೊಗಳಿಕೆ ಮಾತ್ರ ಇಪ್ಪತ್ತು ವರ್ಷದಿಂದ ಇವರಿಗೇ ಬರುತ್ತಿತ್ತು. ಈಗ ಅದೂ ಟೀಚರ್ ಹಾಳೆ ಸೇರಿತ್ತು. ಇನ್ನು ಒಂದು ಗಂಟೆಯಲ್ಲಿ ಅದನ್ನು ಓದುತ್ತಾರೆ, ಮೇಲೆ ಮಣ್ಣು ಬೀಳುತ್ತದೆ. ಆಮೇಲೆ ಅವಳು ಎಂದೆಂದಿಗೂ ಚಹಾ ಅಕ್ಕ.

ಹೇಳಿಬಿಡಬಹುದು. ಆದರೆ ಇವರೆಲ್ಲ ಏನಂದಾರು? ಮೂವತ್ತೊಂದು ವರ್ಷ ನಮ್ಮ ಮುಂದೆ ಕಣ್ಣು ಮುಚ್ಚಿ ನಾಟಕ ಆಡಿದೆಯಾ ಅಂದರೆ?

ಆಸ್ಪತ್ರೆಯ ನೆನಪಾಯಿತು. ಕೊನೆಯ ದಿನ, ಮಾತು ನಿಂತುಹೋಗಿತ್ತು. "ಇನ್ನೂ ದೊಡ್ಡ ಕೋಣೆಗೆ ಸೇರಿಸೋಣ್ವೇನೇ?" ಎಂದು ಇವರು ಕೇಳಿದ್ದಕ್ಕೆ, ಮಂಚದ ಕಂಬಿಯ ಮೇಲೆ ಬೆರಳಿನಿಂದ ಒಂದೇ ಒಂದು ಸಲ ಬಡಿದಿದ್ದಳು. ಕಂಬಿ ಹಿಡಿದಿದ್ದ ಇವರ ಅಂಗೈಗೆ ಅದು ಬಂದು ಮುಟ್ಟಿತ್ತು. ಒಂದು. ಚಿಕ್ಕದು ಸಾಕು.

*

ಹತ್ತೂವರೆಗೆ ಖಾಕಿ ಅಂಗಿಯ ಹೆಂಗಸೊಬ್ಬಳು ಬಂದು ಬಾಗಿಲಲ್ಲಿ ನಿಂತಳು. ಬೆನ್ನಿಗೆ ಗಿಟಾರ್. ಫುಟ್‌ಪಾತಿನ ಮೇಲೆ ಸಾಲಾಗಿ ಕೂತ ಆಂಪ್‌ಗಳನ್ನು ಅಚ್ಚರಿಯಿಂದ ನೋಡಿಕೊಂಡೇ ಬಂದವಳು, ಒಳಗಿನ ಪೆಟ್ಟಿಗೆ ಕಂಡು ಗಕ್ಕನೆ ಹಿಂದೆ ಸರಿದಳು.

"ಅಯ್ಯೋ, ಕ್ಷಮಿಸಿ. ನನಗೆ ಗೊತ್ತಿರ್ಲಿಲ್ಲ. ಶನಿವಾರ ಬನ್ನಿ ಅಂದಿದ್ರು... ನಾನು ಬಸ್ ಡ್ರೈವರು, ರಜೆ ಹಾಕಿ ಬಂದೆ. ಇನ್ನೊಂದು ದಿನ ಬರ್ತೀನಿ."

"ಹೌದಮ್ಮ, ಇವತ್ತು ಆಗಲ್ಲ" ಎಂದು ಬಡಗಿ ಅವಳನ್ನು ಕಳಿಸಿಕೊಡಲು ಹೊರಟ.

ಮಾಸ್ಟರ್ ಪೆಟ್ಟಿಗೆಯ ಕಡೆ ನೋಡಿದರು. ಕಪಾಟು ಬಿಚ್ಚಿದ ಮೇಲೆ ಅದನ್ನು ಪೂರ್ತಿ ಅಂಗಡಿಯೊಳಗೆ ಎಳೆದುಕೊಂಡಿದ್ದರು. ಕೌಂಟರಿನ ಪಕ್ಕ ಮೂರು ಆಂಪ್‌ಗಳು ಇನ್ನೂ ಹಾಗೇ ಇದ್ದವು. ಅವುಗಳಿಂದ ಎರಡು ಮಾರು ದೂರದಲ್ಲಿ ಅವಳು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಒಬ್ಬರು ಗಿಟಾರ್ ಹಿಡಿದು ಬಂದಾಗ ಅವಳು ಪರದೆಯ ಈಚೆ ಇದ್ದಳು.

"ಕೂತ್ಕೊಳ್ಳಮ್ಮ" ಎಂದರು. "ಬಾರಿಸು."

"ಅಪ್ಪಾ..." ಎಂದಳು ಮಗಳು.

"ವ್ಯಾನ್ ಬರೋಕೆ ಅರ್ಧ ಗಂಟೆ ಇದೆ ಪುಟ್ಟಿ. ನಿಮ್ಮಮ್ಮ ಯಾವತ್ತಾದ್ರೂ ಬಂದೋರನ್ನ ಹಾಗೇ ಕಳಿಸಿದ್ಲಾ?"

ಮಗಳು ಮೂರೂ ಸ್ವಿಚ್ಚು ಒತ್ತಿದಳು. ಮೂರು ಪುಟ್ಟ ಕೆಂಪು ದೀಪ ಹೊತ್ತಿಕೊಂಡವು. ವಾಲ್ವ್ ಬಿಸಿಯಾಗಲು ಒಂದು ನಿಮಿಷ ಬೇಕು.

"ಎಲ್ಲಿ ಬಾರಿಸ್ತೀಯಮ್ಮ?"

"ಡಿಪೋದಲ್ಲಿ. ಡ್ಯೂಟಿ ಮುಗಿದ ಮೇಲೆ ನಾಲ್ಕು ಜನ ಸೇರ್ತೀವಿ. ಒಬ್ಬ ಕಂಡಕ್ಟರ್ ಡ್ರಮ್ ಬಾರಿಸ್ತಾನೆ, ಕೋಲಲ್ಲಲ್ಲ, ಬ್ರಶ್ಶಲ್ಲಿ." ಅವಳು ಪೆಟ್ಟಿಗೆಯ ಕಡೆ ಒಮ್ಮೆ ತಲೆಬಾಗಿ, ತಂತಿಗೆ ಬೆರಳಿಟ್ಟಳು.

ಹೆಬ್ಬೆರಳಿಂದ ದಪ್ಪ ತಂತಿಯ ಮೇಲೆ ಒಂದೇ ನಡೆ, ನಿಂತ ಬಸ್ಸಿನ ಎಂಜಿನ್ನಿನ ಹಾಗೆ ಏರದೆ ಇಳಿಯದೆ. ನಡುವೆ ಥಟ್ಟನೆ ಸಣ್ಣ ತಂತಿಗಳ ಮೇಲೊಂದು ಗೀರು. ಚಿಕ್ಕದರಲ್ಲಿ ನುಡಿಸಿದಳು, ದೊಡ್ಡದರಲ್ಲಿ ನುಡಿಸಿದಳು, ನಡುವಿನದರಲ್ಲಿ ನುಡಿಸಿದಳು. ಮಾಸ್ಟರ್ ಎಂದಿನ ಜಾಗದಲ್ಲಿ ನಿಂತು, ಎಂದಿನ ಹಾಗೆ ಪ್ಲೈವುಡ್ ಗೋಡೆಗೆ ಎಡಗೈ ಇಟ್ಟು ಕಣ್ಣು ಮುಚ್ಚಿದರು.

ಗಿಟಾರ್ ನಿಂತಿತು. ಎಲ್ಲರೂ ಕಾದರು. ಮಾಸ್ಟರ್ ಕೂಡ ಕಾದರು.

ಗೋಡೆ ತಣ್ಣಗಿತ್ತು.

"ನನಗೆ ಗೊತ್ತಾಗ್ಲಿಲ್ಲ" ಎಂದರು ಕಣ್ಣು ತೆರೆದು.

"ದುಃಖ, ಮಾಸ್ಟರ್. ಇವತ್ತು ಬಿಡಿ" ಎಂದರು ಟೀಚರ್.

"ದುಃಖ ಅಲ್ಲ ಟೀಚರ್. ಯಾವತ್ತೂ ಗೊತ್ತಾಗಿಲ್ಲ. ನನ್ನ ಕಿವಿ ಹೋಗಿ ನಲವತ್ತು ವರ್ಷ ಆಯ್ತು." ಗೋಡೆಯಿಂದ ಕೈ ತೆಗೆದು ಪೆಟ್ಟಿಗೆಯತ್ತ ತೋರಿಸಿದರು. "ನಿಮ್ಮೆಲ್ಲರ ಕೈ ಕೇಳಿದ್ದು ಇವಳು. ಗೋಡೆ ಆಚೆ ಕೂತು ಕಾಯಿಲ್ ಸುತ್ತುತ್ತಾ ಕೇಳೋಳು. ಒಂದು ಬಡಿದ್ರೆ ಚಿಕ್ಕದು, ಎರಡು ಬಡಿದ್ರೆ ನಡುವಿನದು, ಮೂರು ಬಡಿದ್ರೆ ದೊಡ್ಡದು. ನಾನು ಗೋಡೆಗೆ ಕೈ ಇಡ್ತಿದ್ದದ್ದು ಅದಕ್ಕೆ. ಆ ಆಂಪ್‌ಗಳ ಟ್ರಾನ್ಸ್‌ಫಾರ್ಮರ್‌ಗಳಲ್ಲಿರೋ ಒಂದೊಂದು ಸುತ್ತೂ ಇವಳದ್ದೇ. ಹೂವಿನ ಜೊತೆ ನಾರೂ ಸ್ವರ್ಗ ಸೇರ್ತು ಅಂತಾರಲ್ಲ. ನಾನು ನಾರು ಅಷ್ಟೇ."

ಮಾಸ್ಟರ್ ಹೋಗಿ ಪರದೆಯನ್ನು ಪೂರ್ತಿ ಸರಿಸಿದರು. ವೈಂಡಿಂಗ್ ಯಂತ್ರದಲ್ಲಿ ಅರ್ಧ ಸುತ್ತಿದ ಬಾಬಿನ್ ಹಾಗೇ ಇತ್ತು. ಪಕ್ಕದ ಪ್ಲೈವುಡ್‌ನಲ್ಲಿ, ಸ್ಟೂಲಿನಲ್ಲಿ ಕೂತವರ ಭುಜದ ಎತ್ತರಕ್ಕೆ, ಲೋಟದ ತಳದಷ್ಟು ಅಗಲದ ಒಂದು ಕುಳಿ.

ಮೊದಲು ಹೋದವನು ಬಡಗಿ. ಕನ್ನಡಕ ಹಾಕಿಕೊಂಡ, ಹೆಬ್ಬೆರಳನ್ನು ಕುಳಿಯೊಳಗಿಟ್ಟು ತಿರುವಿದ.

"ಏಳು ಪದರದ ಪ್ಲೈ ಇದು, ನಾನೇ ಹಾಕಿದ್ದು" ಎಂದ ಮೆಲ್ಲಗೆ. "ನಾಲ್ಕು ಪದರ ಸವೆದಿದೆ. ಹೊಸ ಹಾಳೆ ಹಾಕಿಕೊಡ್ತೀನಿ ಅಕ್ಕ ಅಂತ ಎಷ್ಟು ಸಲ ಕೇಳಿದ್ದೆ. 'ಬೇಡ ಕಣಯ್ಯ, ಇದಕ್ಕೆ ಅಭ್ಯಾಸ ಆಗಿದೆ' ಅಂತಿದ್ರು. ಯಾತಕ್ಕೆ ಅಭ್ಯಾಸ ಅಂತ ನಾನು ಕೇಳ್ಲೇ ಇಲ್ಲ ನೋಡು."

"ಹಾಗಾದ್ರೆ ಅವತ್ತು ನನ್ನ ಮನೆಗೆ ಬೆಳ್‌ಬೆಳಗ್ಗೆ..." ಬೇಕರಿಯವನ ಬಾಯಿ ತೆರೆದೇ ಇತ್ತು.

"ಅವಳೇ ಓಡಿಸಿದ್ದು. ನಿನಗೆ ಮೂವತ್ತು ವಾಟು ಕೊಡಿಸಿದ್ದು ಈ ಬಡಗಿ ಬಡಿದ ಗೂಟ."

ಬೇಕರಿಯವನು ಬಡಗಿಯ ಕಡೆ ತಿರುಗಿದ. "ಎಲಾ ಇವನ! ಇಪ್ಪತ್ತು ವರ್ಷದಿಂದ ಆ ಅಜ್ಜಿ ನನ್ನ ಅಂಗಡಿಗೆ ಕಾಲಿಟ್ಟಿಲ್ಲ ಕಣೋ, ನಿನ್ನ ಗೂಟದಿಂದ!"

ಅಂಗಡಿ ತುಂಬ ನಗು ಒಡೆಯಿತು. ನಗುತ್ತಲೇ ಕೆಲವರು ಕಣ್ಣೊರೆಸಿಕೊಂಡರು. ಒಬ್ಬೊಬ್ಬರಾಗಿ ಹೋಗಿ ಆ ಕುಳಿಗೆ ಬೆರಳಿಟ್ಟು ಬಂದರು. ಟೀಚರ್ ಬೆರಳಿಡಲಿಲ್ಲ. ಕೌಂಟರಿನ ಮೇಲೆ ಹಾಳೆ ಹರಡಿ, ಬರೆದದ್ದಕ್ಕೆಲ್ಲ ಅಡ್ಡಗೆರೆ ಎಳೆದು, ಹಾಳೆಯನ್ನು ಮಗುಚಿದರು. "ಮೂರು ಬಡಿತದ್ದು ನಂದು. ಮುನ್ನೂರು ಮಕ್ಕಳು ಹಾಡುವಾಗಲೂ ಸ್ವರ ಒಡೀದಂಥದ್ದು ಕೊಟ್ಟೋರು ಯಾರು ಅಂತ ಈಗ ಗೊತ್ತಾಯ್ತು" ಎಂದು ಯಾರಿಗೋ ಹೇಳಿದಂತೆ ಹೇಳಿಕೊಂಡು, ಮೊದಲಿಂದ ಬರೆಯತೊಡಗಿದರು.

ಮಗಳು ಬಂದು ಅಪ್ಪನ ಅಂಗಿಯ ಮೇಲಿನ ಗುಂಡಿ ಹಾಕಿದಳು. ಅದು ಬೆಳಗಿನಿಂದ ಬಿಚ್ಚಿಯೇ ಇತ್ತು.

ಹೊರಗೆ ವ್ಯಾನ್ ಬಂದು ನಿಂತಿತು. ದಾರಿ ತೆರವಾಗಿತ್ತು. ಆರು ಮಂದಿ ಪೆಟ್ಟಿಗೆಗೆ ಕೈ ಹಾಕಲು ಬಾಗಿದರು. ಮಾಸ್ಟರ್ ಅದರ ಮುಚ್ಚಳದ ಮೇಲೆ ಎಡಗೈ ಇಟ್ಟು ನಿಂತಿದ್ದರು.

"ಒಂದ್ನಿಮಿಷ" ಎಂದ ಬೇಕರಿಯವನು. ಬೆರಳು ಮಡಚಿ ಮುಚ್ಚಳದ ಅಂಚಿಗೆ ಒಂದು ಸಲ ಬಡಿದ. ಟೀಚರ್ ಪೆನ್ನು ಬಿಟ್ಟು ಬಂದು ಮೂರು ಸಲ ಬಡಿದರು. ಹಿಂದಿದ್ದವರು ಮುಂದೆ ಬಂದರು. ಎರಡು. ಒಂದು. ಒಂದು. ಮೂರು. ಗಿಟಾರ್ ಮುಟ್ಟದ ಬಡಗಿ ತನ್ನದೊಂದು ಲೆಕ್ಕವಿಲ್ಲದೆ ಒದ್ದಾಡಿ, ಕೊನೆಗೆ ತಾನು ಹೊಂದಿಸಿದ ಮೂಲೆಯ ಸಂದನ್ನು ಹೆಬ್ಬೆರಳಿಂದ ಸವರಿ ಸರಿದು ನಿಂತ. ಮಾಸ್ಟರ್ ಕಣ್ಣು ಮುಚ್ಚಿದರು. ಬಡಗಿ ಹೊಂದಿಸಿದ ಒಳ್ಳೆಯ ಮರದ ಮೂಲಕ ಒಂದೊಂದು ಏಟೂ ಅಂಗೈಗೆ ಬಂದು ಮುಟ್ಟುತ್ತಿತ್ತು.

ಕೊನೆಗೆ ಉಳಿದವಳು ಡ್ರೈವರ್. ಗಿಟಾರನ್ನು ತೊಡೆಗಾನಿಸಿಕೊಂಡು, ಹೊತ್ತಿಕೊಂಡೇ ಇದ್ದ ಮೂರು ಕೆಂಪು ದೀಪಗಳನ್ನು ಒಂದೊಂದಾಗಿ ನೋಡಿದಳು. ತಂತಿ ಹಿಡಿದಿದ್ದ ಎಡಗೈ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ಎದ್ದು ಬಂದು, ಸ್ವಲ್ಪ ಅಳುಕಿ, ಮುಚ್ಚಳದ ಮೇಲೆ ಬಡಿದಳು.

ಎರಡು.

"ಹೂಂ" ಎಂದರು ಮಾಸ್ಟರ್, ಕಣ್ಣು ತೆರೆಯದೆ.

ಪೆಟ್ಟಿಗೆ ಎದ್ದಿತು. ಕಪಾಟಿದ್ದ ಜಾಗದಲ್ಲಿ ತಿರುಗಿ, ಕೌಂಟರಿಗೆ ತಾಗದೆ, ಫುಟ್‌ಪಾತಿನ ಮೇಲೆ ಸಾಲಾಗಿ ನಿಂತ ಆಂಪ್‌ಗಳ ಮುಂದೆ ಹಾದು ನಿಧಾನವಾಗಿ ನಡೆಯಿತು. ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದ ಮಾಸ್ಟರ್, ವ್ಯಾನಿನವರೆಗೂ, ಮುಚ್ಚಳದ ಮೇಲಿನ ಅಂಗೈ ತೆಗೆಯಲಿಲ್ಲ.